ಛೀಟಿನ ಸಂಗಡ ಕೊಡದ ಉಪ್ಪು

ಇದನ್ನು ಬರೆಯಬೇಕೆಂದು ಕುಳಿತು, ಬರೆಯದೆ ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಅಂಗಡಿ ಬಿಟ್ಟ ಮೇಲೆ ಬರೆದರಾಯಿತು ಅಂದುಕೊಂಡೆ. ಬಿಟ್ಟ ಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡು ನೋಡೋಣ ಅಂದೆ. ಕಣ್ಣು ನಿಚ್ಚಳವಾಯಿತು, ನೋಟ್‌ಬುಕ್ಕೂ ತಂದಿಟ್ಟೆ. ಅದರ ಮೊದಲ ಹಾಳೆಯಲ್ಲಿ ನನ್ನ ಹೆಂಡತಿ ಕಿರಾಣಿ ಸಾಮಾನಿನ ಯಾದಿ ಬರೆದಳು. ಆ ಹಾಳೆ ಹರಿದು ತೆಗೆದೆ. ಮುಂದಿನ ಹಾಳೆ ಎರಡು ವರ್ಷ ಖಾಲಿಯೇ ಉಳಿಯಿತು.

ನಾನು ಕಮಲಾಪುರದವನು. ಎಸ್ಸೆಸ್ಸೆಲ್ಸಿ ತನಕ ಓದಿ, ಕಲಬುರಗಿಯ ಒಂದು ಬಟ್ಟೆ ಅಂಗಡಿ ಸೇರಿ, ಮೂವತ್ತೆಂಟು ವರ್ಷ ದಿನವೂ ಬಸ್ಸಿನಲ್ಲಿ ಹೋಗಿ ಬಂದು ಜನರಿಗೆ ಬಟ್ಟೆ ಅಳೆದು ಹರಿದು ಕೊಟ್ಟವನು. ಆ ಅಂಗಡಿಯಲ್ಲಿ ನಿಂತು ನಾನು ಒಂದು ಸುಳ್ಳು ಹೇಳಿದೆ. ಕೇಳಿದವರೆಲ್ಲ ಒಳ್ಳೆಯವರಾಗಿದ್ದರು. ಅದಕ್ಕೇ ನಂಬಿದರು. ಬಟ್ಟೆಗೆ ಬಣ್ಣ ಹಾಕಿ ಬದುಕುತ್ತಿದ್ದ ಒಂದು ಮನೆ ಆ ಸುಳ್ಳಿನಿಂದಾಗಿ ತನ್ನ ಕೈಯ ಮೇಲೆ ತಾನೇ ನಂಬಿಕೆ ಕಳೆದುಕೊಂಡಿತು. ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟೇ ಹೇಳಿದರೆ ಮತ್ತೊಮ್ಮೆ ತಪ್ಪಿಸಿಕೊಂಡಂತಾಗುತ್ತದೆ.

ಅಂದಿನಿಂದ ಬಿಳಿಯ ಮೇಲೆ ಕೆಂಪು ಚುಕ್ಕಿ ಕಂಡರೆ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಬಸ್‌ಸ್ಟ್ಯಾಂಡಿನ ಸುಣ್ಣದ ಗೋಡೆಗೆ ಯಾರೋ ಉಗುಳಿದ ಎಲೆಅಡಿಕೆ, ಮದುವೆಗೆ ಹೋಗಿ ಬಂದವರ ಅಂಗಿಯ ಮೇಲಿನ ಕುಂಕುಮ, ಏನಾದರೂ ಸರಿ. ಹಿತ್ತಲಲ್ಲಿ ಹೆಂಡತಿ ಒದ್ದೆ ಬಟ್ಟೆ ಜಾಡಿಸಿದ ಸಪ್ಪಳ ಕೇಳಿದರೆ ಎದ್ದು ಹೋಗಿ ಬಕೀಟಿನ ನೀರು ನೋಡುತ್ತೇನೆ. "ಏನ್ ನೋಡ್ತೀರಿ, ಪೊಲೀಸರು ನೋಡಿದಂಗ?" ಅನ್ನುತ್ತಾಳೆ. ಬಣ್ಣ ಬಿಟ್ಟದ ಏನಂತ ನೋಡಿದೆ ಅನ್ನುತ್ತೇನೆ. ಅಂಗಡಿಯ ಚಟ ಇನ್ನೂ ಬಿಟ್ಟಿಲ್ಲ ಎಂದುಕೊಂಡು ಆಕೆ ಸುಮ್ಮನಾಗುತ್ತಾಳೆ. ಅವಳಿಗೂ ಇವತ್ತಿನ ತನಕ ಹೇಳಿಲ್ಲ.

ಹೂವು, ಬಳ್ಳಿ, ಚುಕ್ಕಿ ಒತ್ತಿದ ಹತ್ತಿ ಬಟ್ಟೆಗೆ ನಮ್ಮ ಕಡೆ ಛೀಟು ಅನ್ನುತ್ತಿದ್ದರು. ಹುಡುಗಿಯರು ಈಗ ಪ್ರಿಂಟು ಅನ್ನುತ್ತಾರೆ. ವಯಸ್ಸಾದವರ ಬಾಯಲ್ಲಿ ಇನ್ನೂ ಛೀಟೇ. ಮಿಲ್ಲಿನ ಛೀಟು ನಮ್ಮ ಅಂಗಡಿಗೆ ದೊಡ್ಡ ದೊಡ್ಡ ಗಂಟುಗಳಲ್ಲಿ ಬರುತ್ತಿತ್ತು. ಕೈಯಿಂದ ಒತ್ತಿದ್ದು ಬರುತ್ತಿದ್ದುದು ಒಂದೇ ಮನೆಯಿಂದ. ಅದು ಕಲಬುರಗಿಯ ರೋಜಾ ಮೊಹಲ್ಲಾದಲ್ಲಿ, ದರ್ಗಾಕ್ಕೆ ಹೋಗುವ ದೊಡ್ಡ ದಾರಿಯಿಂದ ಒಳಗೆ ಸರಿದ ಓಣಿಯಲ್ಲಿತ್ತು. ಗಂಡ ತೀರಿಕೊಂಡ ಮೇಲೆ ಒಬ್ಬ ಹೆಂಗಸು ಮಗಳನ್ನು ಜೊತೆಗಿಟ್ಟುಕೊಂಡು, ಮಾವನ ಕಾಲದ ಮರದ ಅಚ್ಚುಗಳಿಂದ ಆ ಕೆಲಸ ನಡೆಸಿದ್ದರು. ನಾನು ಅವರನ್ನು ಆಪಾ ಅನ್ನುತ್ತಿದ್ದೆ. ಅವರು ನನ್ನನ್ನು ಭಾಯಿ ಅನ್ನುತ್ತಿದ್ದರು. ನನಗೆ ಒಡಹುಟ್ಟಿದ ಅಕ್ಕ ಇರಲಿಲ್ಲ, ಹಾಗಾಗಿ ಆ ಮಾತು ಬಾಯಿಗೆ ಹಿತವಾಗಿತ್ತು.

ಆ ಕೆಲಸದಲ್ಲಿ ಎಲ್ಲ ನಿಂತಿರುವುದು ಪಟಿಕದ ಮೇಲೆ. ಪಟಿಕ ಬಣ್ಣವನ್ನು ಬಟ್ಟೆಗೆ ಕಚ್ಚಿಸುತ್ತದೆ. ಕಡಿಮೆಯಾದರೆ ಬಣ್ಣ ನಿಲ್ಲುವುದಿಲ್ಲ, ಕಚ್ಚಾ ಆಗುತ್ತದೆ. ಆದರೆ ಪಟಿಕ ಎಷ್ಟೇ ಸರಿಯಾಗಿದ್ದರೂ ಮೇಲೆ ಉಳಿದ ಬಣ್ಣ ಮೊದಲ ನೀರಿಗೆ ಒಮ್ಮೆ ಬಿಟ್ಟೇ ಬಿಡುತ್ತದೆ. ಅದಕ್ಕೆ ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ತಾನಿನ, ಅಂದರೆ ಬಟ್ಟೆಯ ಇಡೀ ಸುರುಳಿಯ ಜೊತೆ, ಅದೇ ಬಟ್ಟೆಯ ಕತ್ತರಿಸಿದ ಚೂರುಗಳಲ್ಲಿ ಒಂದೊಂದು ಹಿಡಿ ಹರಳುಪ್ಪು ಕಟ್ಟಿ ಕಳಿಸುತ್ತಿದ್ದರು. ಬಟ್ಟೆ ಹರಿದು ಕೊಡುವಾಗ ಗಿರಾಕಿಗೆ ಒಂದು ಉಪ್ಪಿನ ಗಂಟು ಕೊಡಬೇಕು. ಮೊದಲ ಸಲ ಬೇರೆ ಯಾವ ಬಟ್ಟೆಯ ಜೊತೆಗೂ ಸೇರಿಸದೆ, ಈ ಉಪ್ಪು ಹಾಕಿದ ನೀರಿನಲ್ಲಿ ಇದೊಂದನ್ನೇ ನೆನೆಹಾಕಿ ಎಂದು ಹೇಳಬೇಕು. "ಬಟ್ಟಿ ಕೊಟ್ರ ಅರ್ಧ ಕೆಲಸ ಆಯ್ತು ಭಾಯಿ, ಉಪ್ಪು ಕೊಟ್ರ ಪೂರಾ ಆಯ್ತು" ಎಂದು ಆಪಾ ಪ್ರತಿ ಸಲವೂ ನೆನಪಿಸುತ್ತಿದ್ದರು. ಇಪ್ಪತ್ತು ವರ್ಷ ನಾನು ಒಮ್ಮೆಯೂ ತಪ್ಪಿರಲಿಲ್ಲ.

ತಪ್ಪಿದ್ದು ಒಂದು ಶಬ್ದದ ದೆಸೆಯಿಂದ.

ಹನ್ನೆರಡು ವರ್ಷದ ಹಿಂದಿನ ಮಾತು. ಇಂಗ್ಲಿಷ್ ಕಲಿಸಿ ನಿವೃತ್ತರಾದ ಒಬ್ಬ ಮಾಸ್ತರು ಹೆಂಡತಿಯೊಂದಿಗೆ ಅಂಗಡಿಗೆ ಬಂದರು. ಕಲಬುರಗಿಯಲ್ಲಿ ತಲೆತಲಾಂತರದಿಂದ ಇರುವ ವೈಷ್ಣವರ ಮನೆ. ಗಂಡಹೆಂಡತಿ ತಮ್ಮೊಳಗೆ ಮರಾಠಿ, ನಮ್ಮ ಜೊತೆ ಕನ್ನಡ ಆಡುತ್ತಿದ್ದರು. ಮೊಮ್ಮಗನ ಮುಂಜಿ ಇತ್ತು. ಮಂಟಪದಲ್ಲಿ ಮಣೆಗಳ ಮೇಲೆ ಹಾಸಲು ಕೆಂಪು ಛೀಟು ಬೇಕಾಗಿತ್ತು. ನಾನು ಆಪಾ ಅವರ ಮನೆಯ ತಾನು ಬಿಚ್ಚಿ ಹಾಸಿದೆ. ಆ ಮನೆಯಲ್ಲಿ ಅಂಗಡಿಯಿಂದ ತಂದ ಯಾವ ಬಟ್ಟೆಯನ್ನೂ ನೀರಿಗೆ ಹಾಕಿ ಒಣಗಿಸಿ ಮಡಿ ಮಾಡದೆ ಪೂಜೆಯ ಕೆಲಸಕ್ಕೆ ಬಳಸುವುದಿಲ್ಲ. ಮಡಿಯ ಧೋತ್ರ ನೆನೆಸುವ ಹಂಡೆಗೇ ಅದನ್ನೂ ಹಾಕುತ್ತಾರೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಬೇರೆಯವರಿಗೆ ಒಮ್ಮೆ ಹೇಳುವ ಉಪ್ಪಿನ ಮಾತನ್ನು ಅವರಿಗೆ ಎರಡು ಸಲ ಹೇಳಬೇಕಾಗಿತ್ತು.

ಹೆಂಡತಿ ಎರಡು ನಮೂನೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಮಾಸ್ತರು ನನ್ನನ್ನು, ಇದಕ್ಕೆ ನೀವು ಏನು ಅಂತೀರಿ ಎಂದು ಕೇಳಿದರು. ಛೀಟು ಅಂದೆ. ಅವರ ಮುಖ ಅರಳಿತು. ಇಂಗ್ಲಿಷಿನಲ್ಲಿ ಚಿಂಟ್ಸ್ ಎಂಬ ಶಬ್ದವಿದೆ, ಅದು ಇದೇ ಎಂದರು. ಹಿಂದೆ ಹಡಗಿನಲ್ಲಿ ಬಂದ ವ್ಯಾಪಾರಿಗಳು ನಮ್ಮವರ ಬಾಯಲ್ಲಿ ಕೇಳಿದಂತೆ ಚಿಂಟ್ ಎಂದು ಬರೆದುಕೊಂಡರಂತೆ. ಬಹಳ ಇದ್ದರೆ ಚಿಂಟ್ಸ್. ಬರಬರುತ್ತ ಅವರ ಜನ ಅದು ಬಹುವಚನ ಎಂಬುದನ್ನೇ ಮರೆತು, ಒಂದು ಬಟ್ಟೆಗೂ ಚಿಂಟ್ಸ್ ಅಂದರಂತೆ. ಮೂಲದಲ್ಲಿ ಅದರ ಅರ್ಥ ಚುಕ್ಕಿ, ಸಿಂಪಡಿಸಿದ್ದು. ಉರ್ದುವಿನ ಛೀಂಟಾ, ಮರಾಠಿಯ ಚೀಟ, ನಮ್ಮ ಛೀಟು ಒಂದೇ ಬಳಗ. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ಚಿತ್ರ ಇರಬೇಕು; ಚಿತ್ರ ಅಂದರೆ ಬಗೆಬಗೆಯ ಬಣ್ಣದ್ದು, ಚುಕ್ಕಿ ಚುಕ್ಕಿಯಾದದ್ದು ಎಂದೂ ಅರ್ಥವಿದೆ. ಚುಕ್ಕಿ ಜಿಂಕೆಯ ಚೀತಲ್, ಚೀತಾ, ಅವೂ ಅಲ್ಲಿಂದಲೇ ಹೊರಟವು ಎಂದರು.

ನಾನು ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾಗಿ ಎರಡನೆಯ ಸಲ ಪಾಸಾದವನು. ಪಾಪ್ಲಿನ್, ವಾಯಿಲ್, ಟೆರಿಕಾಟ್ ಎಂದು ದಿನಕ್ಕೆ ನೂರು ಸಲ ಕೂಗುತ್ತಿದ್ದೆ. ಅವು ಎಲ್ಲಿಂದ ಬಂದ ಮಾತುಗಳೆಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಆಡುವ ಮಾತು ಸಮುದ್ರ ದಾಟಿ ಅವರ ಡಿಕ್ಷನರಿಯಲ್ಲಿ ಕುಳಿತಿದೆ ಎಂದು ಕೇಳಿ ನನಗೆ ಮೈಮರೆಯುವಷ್ಟು ಖುಷಿಯಾಯಿತು. ಬಿಲ್ಲಿನ ಹಿಂದೆ ಎಲ್ಲ ಬರೆದುಕೊಂಡೆ. ಇನ್ನೊಂದು ಸಲ ಹೇಳಿ ಸರ್ ಎಂದು ಕೇಳಿ ತಿದ್ದಿಕೊಂಡೆ. ಅಷ್ಟರಲ್ಲಿ ಅವರ ಹೆಂಡತಿ ಬಟ್ಟೆ ಆರಿಸಿಯಾಗಿತ್ತು.

"ಕ್ಲಾಸ್ ಮುಗೀತೇನ್ರಿ? ಹೊರಗ ಆಟೋದವ ನಿಂತಾನ" ಎಂದರು ಗಂಡನಿಗೆ.

ನಕ್ಕೆವು. ನಾನು ಬಟ್ಟೆ ಹರಿದು ಕಟ್ಟಿ ಕೊಟ್ಟೆ. ಹೋದರು. ಐದು ನಿಮಿಷದ ಮೇಲೆ ತಾನು ಸುತ್ತುವಾಗ ಉಪ್ಪಿನ ಗಂಟು ಕೈಗೆ ಹತ್ತಿತು.

ಬಾಗಿಲಿಗೆ ಓಡಿದೆ, ಆಟೋ ಇರಲಿಲ್ಲ. ಬಿಲ್ ಬುಕ್ಕಿನಲ್ಲಿ ಅವರ ಫೋನ್ ನಂಬರು ಇತ್ತು. ಮಾಡಬಹುದಾಗಿತ್ತು. ಮಾಡಬೇಕು ಅಂದುಕೊಂಡೆ. ಗಿರಾಕಿ ಬಂದರು. ಆಮೇಲೆ ಊಟದ ಹೊತ್ತು. ಆಮೇಲೆ ಮಾಲಕರು ಅಲ್ಲೇ ಕುಳಿತಿದ್ದರು. ಅವರ ಎದುರಿಗೆ ಫೋನ್ ಮಾಡಿದರೆ ಮರೆತದ್ದು ಗೊತ್ತಾಗುತ್ತದೆ. ತಿಂಗಳ ಹಿಂದೆ ನಾನು ಒಬ್ಬರ ಬಟ್ಟೆಯನ್ನು ಗೇಣು ಕಡಿಮೆ ಹರಿದಿದ್ದೆ. ಆಗ ಮಾಲಕರು, ವಯಸ್ಸಾತು, ಇನ್ನೊಮ್ಮೆ ಹಿಂಗಾದ್ರ ಮನ್ಯಾಗ ಆರಾಮ ಕೂಡ್ರು ಎಂದು ಎಲ್ಲರ ಮುಂದೆ ಅಂದಿದ್ದರು. ಸಂಜೆ ಬಸ್ಸಿನ ಹೊತ್ತಾಯಿತು. ಗಂಟನ್ನು ಗಜಕಡ್ಡಿ ಇಡುವ ಡ್ರಾಯರಿಗೆ ಹಾಕಿ ಕಮಲಾಪುರಕ್ಕೆ ಬಂದೆ. ಮರುದಿನ ಮಾಡಿದರಾಯಿತು ಅಂದುಕೊಂಡೆ, ಮರುದಿನವೂ ಮಾಡಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮಾಸ್ತರು ಹೆಂಡತಿಯೊಂದಿಗೆ ಮತ್ತೆ ಬಂದರು. ಕೈಯಲ್ಲಿ ಸ್ಟೀಲ್ ಬಕೀಟಿತ್ತು. ಅದರಲ್ಲಿ ಹಿಂಡಿದ ಧೋತ್ರ, ಉಪರಣಿ, ಪಂಚೆಗಳು, ಮೇಲೆ ಕೆಂಪು ಛೀಟು. ಹೆಂಡತಿ ಒಂದು ಧೋತ್ರ ತೆಗೆದು ಗಾದಿಯ ಮೇಲೆ ಹರವಿದರು. ಉದ್ದಕ್ಕೂ ತಿಳಿಗೆಂಪು ಕಲೆಗಳು. ಅಲ್ಲಲ್ಲಿ ಸಣ್ಣ ಚುಕ್ಕಿ, ಅಲ್ಲಲ್ಲಿ ಅಂಗೈಯಷ್ಟು.

"ನೋಡ್ರಿ, ಹನ್ನೊಂದು ಧೋತ್ರ ಹೋಳಿ ಆಡಿ ಬಂದಾವ. ನಾಳಿಗೆ ಮುಂಜಿ. ಭಟ್ಟರು ಇದನ್ನ ಉಟ್ಕೊಂಡು ಕೂಡಬೇಕೇನು?"

ಮಾಲಕರು ನನ್ನ ಕಡೆ ತಿರುಗಿ, ಉಪ್ಪು ಕೊಟ್ಟು ಹೇಳಿದ್ದೀಯೇನು ಎಂದು ಕೇಳಿದರು. ಕೊಟ್ಟೀನ್ರಿ, ಹೇಳೀನ್ರಿ ಎಂದೆ. ಮಾತು ತಡವರಿಸಲಿಲ್ಲ. ಮಾಸ್ತರ ಹೆಂಡತಿ, ನಮಗೆ ಉಪ್ಪೂ ಇಲ್ಲ ಗಿಪ್ಪೂ ಇಲ್ಲ ಎಂದರು. ನಾನು ಮಾಸ್ತರನ್ನು ನೋಡಿ, ಸರ್, ಶಬ್ದದ ಮಾತು ನಡೆದಿದ್ದಾಗ ನಿಮ್ಮ ಕೈಯಲ್ಲೇ ಕೊಟ್ಟೆನಲ್ಲ ಎಂದೆ. ಆ ಮನುಷ್ಯ ಕನ್ನಡಕ ತೆಗೆದು ಒರೆಸಿದರು. ಇದ್ದರೂ ಇರಬಹುದು, ಆಟೋದಲ್ಲಿ ಬಿಟ್ಟೆನೇನೋ, ಮಾತಿನ ಭರದಲ್ಲಿ ನನಗೆ ಏನೂ ನೆನಪಿರುವುದಿಲ್ಲ ಎಂದರು. ಹೆಂಡತಿ ಅವರನ್ನು ನೋಡಿದ ರೀತಿಗೆ ಅವರು ತಲೆ ತಗ್ಗಿಸಿದರು.

ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಆದರೆ ಹಳೆಯ ಗಿರಾಕಿಯ ತಪ್ಪು ಎಂದು ಆ ಮಾತನ್ನು ಮುಗಿಸುವುದು ಮಾಲಕರಿಗೆ ಇಷ್ಟವಿರಲಿಲ್ಲ. ಮಾಸ್ತರ ಹೆಂಡತಿಯೂ ಸುಮ್ಮನಾಗುವವರಾಗಿರಲಿಲ್ಲ. ಜಗಳ ಬೆಳೆದರೆ ಯಾರಾದರೂ ಡ್ರಾಯರು ತೆಗೆದಾರು ಎಂಬ ಹೆದರಿಕೆ ನನಗೆ. "ಉಪ್ಪು ಹಾಕದಿದ್ರೂ ಇಷ್ಟು ಬಿಡಬಾರದಿತ್ರಿ. ಈ ಸಲ ಬಣ್ಣಾನ ಕಚ್ಚಾ ಅದ" ಎಂದೆ. ಎಲ್ಲರಿಗೂ ಹಗುರವಾಯಿತು. ತಪ್ಪು ಮಾಡಿದವರು ಆಗ ಆ ಅಂಗಡಿಯಲ್ಲಿ ಇರಲಿಲ್ಲ ಎಂದಾಯಿತು. ಮಾಲಕರು ಹೊಸ ಧೋತ್ರಗಳನ್ನು ಕಟ್ಟಿ ಕೊಟ್ಟು ಅವರನ್ನು ಕಳಿಸಿದರು. ಆಮೇಲೆ ರೋಜಾಕ್ಕೆ ಫೋನ್ ಮಾಡಿದರು.

ಆಪಾ ಒಂದು ತಾಸಿನಲ್ಲಿ ಬಂದರು. ಅವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಮೆಟ್ಟಿಲನ್ನು ಕಾಲಿನಿಂದ ತಡವಿ ಹತ್ತಿದರು. ಧೋತ್ರವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದರು. ಆಮೇಲೆ ಛೀಟಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ನಾಲಿಗೆಗೆ ಹಚ್ಚಿ ನೋಡಿದರು.

"ಇದಕ್ಕ ಉಪ್ಪು ಮುಟ್ಟೇ ಇಲ್ಲ, ಸೇಠ" ಎಂದರು.

ಮಾಲಕರು ನನ್ನನ್ನು ನೋಡಿದರು. ಡ್ರಾಯರು ನನ್ನ ಮೊಣಕಾಲಿಗೆ ತಾಕಿತ್ತು.

"ಗಂಟು ಕಳದ್ರೂ ಮನ್ಯಾಗಿನ ಉಪ್ಪು ಹಾಕ್ಯಾರ ಆಪಾ. ಆಟೋ ಹತ್ತೂವಾಗ ನಾನೇ ಕೇಳೀನಿ ಅವರನ್ನ."

ಅವರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ಇಪ್ಪತ್ತು ವರ್ಷದಲ್ಲಿ ನಾನು ಅವರಿಗೆ ಒಂದೂ ಸುಳ್ಳು ಹೇಳಿರಲಿಲ್ಲ. ಅವರು ತಮ್ಮ ನಾಲಿಗೆಯನ್ನು ಬಿಟ್ಟು ನನ್ನನ್ನು ನಂಬಿದರು.

"ನಾಲಿಗೀನೂ ಮುದಿ ಆಗ್ಯಾದ ಅನಸ್ತದ" ಎಂದು ಸಣ್ಣಗೆ ನಕ್ಕರು. "ಹಂಗಾದ್ರ ತಪ್ಪು ನಮ್ಮ ಮನ್ಯಾಗನ ಆಗ್ಯಾದ, ಸೇಠ. ನನ್ನ ಕಡಿಂದ ಅವರಿಗೆ ಮಾಫಿ ಕೇಳ್ರಿ."

ಉಳಿದ ತಾನುಗಳನ್ನು ತಿರುಗಿ ಒಯ್ಯುತ್ತೇನೆಂದರು. ಮಾಲಕರು ಬೇಡ ಅನ್ನಲಿಲ್ಲ. ನಾನೇ ಹೊತ್ತು ಆಟೋದಲ್ಲಿಟ್ಟೆ. ಆಟೋ ಹೊರಡುವ ಮುಂಚೆ ಅವರು ಕೈ ಚಾಚಿ ನನ್ನ ತೋಳು ಮುಟ್ಟಿ, ನಮ್ಮಿಂದ ನಿಮಗೂ ತ್ರಾಸ ಆಯ್ತು ಭಾಯಿ ಎಂದರು. ಆ ಸಂಜೆ ಉಪ್ಪಿನ ಗಂಟನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಊರು ಬರುವ ಮುಂಚೆ ಬಸ್ಸಿನ ಕಿಟಕಿಯಿಂದ ಹೊರಗೆ ಎಸೆದೆ. ತೋಳಿನ ಮೇಲೆ ಅವರು ಮುಟ್ಟಿದ ಜಾಗ ಮಾತ್ರ ಹೋಗಲಿಲ್ಲ. ಇವತ್ತಿಗೂ ಸ್ನಾನ ಮಾಡುವಾಗ ಆ ಜಾಗಕ್ಕೆ ಕೈ ಹೋದರೆ ನಿಲ್ಲುತ್ತದೆ.

ಆ ಮನೆಯಿಂದ ಮತ್ತೆ ಬಟ್ಟೆ ಬರಲಿಲ್ಲ. ಬೇರೆ ಅಂಗಡಿಗಳಿಗೂ ಬಣ್ಣ ಕಚ್ಚಾ ಎಂಬ ಸುದ್ದಿ ಹೋಯಿತು. ನಾನು ಇನ್ನೂ ನಾಲ್ಕು ವರ್ಷ ದುಡಿದೆ. ಬಿಡುವ ದಿನ ಮಾಲಕರು ಶಾಲು ಹೊದಿಸಿ, ಇಂಥ ನಿಯತ್ತಿನ ಮನುಷ್ಯ ಸಿಗುವುದಿಲ್ಲ ಎಂದರು. ಉರುಸಿನ ಸಮಯದಲ್ಲಿ ರೋಜಾದ ಕಡೆ ಹೋಗಬೇಕಾದಾಗ ಆ ಓಣಿಯ ಬಾಯಿಯನ್ನು ತಪ್ಪಿಸಿ ಸುತ್ತು ಹಾಕುತ್ತಿದ್ದೆ. ಒಮ್ಮೆ ಆಪಾ ಹಣ್ಣಿನ ಬಂಡಿಯ ಮುಂದೆ ಮಗಳ ಭುಜ ಹಿಡಿದು ನಿಂತದ್ದು ಕಂಡಿತು. ಹತ್ತು ಹೆಜ್ಜೆ ದೂರ. ಅವರಿಗೆ ನಾನು ಕಾಣುತ್ತಿರಲಿಲ್ಲ. ಆದರೂ ಚಹಾದ ಅಂಗಡಿಯೊಳಗೆ ಹೊಕ್ಕು ಬೆನ್ನು ತಿರುಗಿಸಿ ಕುಳಿತೆ.

ಕಳೆದ ವರ್ಷ ಮಾಲಕರು ಬೇರೆ ಏನೋ ಕೆಲಸಕ್ಕೆ ಫೋನ್ ಮಾಡಿದವರು, ಆ ಛೀಟಿನ ಬೀಬಿ, ನಿನ್ನ ಆಪಾ, ತೀರಿಕೊಂಡರಂತೆ ಎಂದರು. ನಾನು ಆಗ ಕಮಲಾಪುರದ ಸಂತೆಯಲ್ಲಿದ್ದೆ. ಎದುರಿಗೆ ಹೊದಿಕೆ ಮಾರುವವನೊಬ್ಬ ಮೆಷಿನ್ನಿನ ಛೀಟನ್ನು ಕೈಯಿಂದ ಒತ್ತಿದ್ದು ಎಂದು ಕೂಗುತ್ತಿದ್ದ. ನೋಡಿದೆ. ಕೈಯಿಂದ ಒತ್ತುವಾಗ ಒಂದು ಅಚ್ಚಿನ ಪಕ್ಕ ಇನ್ನೊಂದು ಎಳೆಯಷ್ಟು ಸರಿಯುತ್ತದಲ್ಲ, ಮೆಷಿನ್ನು ಈಗ ಆ ಸರಿದದ್ದನ್ನೂ ನಕಲು ಮಾಡುತ್ತದೆ. ಪ್ರತಿ ಹೂವಿನ ಹತ್ತಿರವೂ ಅದೇ ಎಳೆ, ಅದೇ ಅಳತೆ. ಏನೂ ಕೊಳ್ಳದೆ ಸಂತೆಯಿಂದ ಹೊರಟೆ.

ಹೇಳ್ತೇನಿ ಅಂತ ಅವತ್ತು ನಿರ್ಧಾರ ಮಾಡಿದೆ. ಮೊದಲು ಮಾಸ್ತರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಹೆಂಡತಿಯನ್ನು ಅಡುಗೆಮನೆಯಿಂದ ಕರೆದು, ಇನ್ನೊಮ್ಮೆ ಹೇಳ್ರಿ, ಈಕಿ ಕೇಳಬೇಕು ಎಂದರು. ಮತ್ತೆ ಹೇಳಿದೆ.

"ಅಯ್ಯ, ಆಟೋದಾಗ ಉಪ್ಪು ಬಿಟ್ಟು ಬಂದವರು ಅಂತ ಇವರನ್ನ ಹನ್ನೆರಡು ವರ್ಷ ಬೈದೀನಿ" ಎಂದರು ಅವರು.

"ಅದನ್ನೆಲ್ಲಾ ಈಗ ವಾಪಸ್ ತಗೋ" ಎಂದರು ಮಾಸ್ತರು.

ನಗುವುದೋ ಅಳುವುದೋ ತಿಳಿಯಲಿಲ್ಲ. ಚಹಾ ಕೊಟ್ಟರು. ಅವತ್ತು ಪಾಠ ಅರ್ಧಕ್ಕೇ ನಿಂತಿತ್ತು ಎಂದು ಮಾಸ್ತರು ಉಳಿದದ್ದನ್ನು ಹೇಳಿದರು. ನಮ್ಮ ಛೀಟು ಇಂಗ್ಲೆಂಡಿಗೆ ಹೋದ ಹೊಸತರಲ್ಲಿ ದೊಡ್ಡ ಮನೆಯವರು ಅದಕ್ಕೆ ಹಂಬಲಿಸಿದರಂತೆ. ಅಲ್ಲಿಯ ನೇಕಾರರಿಗೆ ಕೆಲಸ ಹೋಗಿ ಗಲಾಟೆಯಾಗಿ, ಸರಕಾರ ಅದನ್ನು ತರಿಸಬಾರದು, ಉಡಬಾರದು ಎಂದು ಕಾಯಿದೆ ಮಾಡಿತಂತೆ. ಕೊನೆಗೆ ಅವರೇ ಮೆಷಿನ್ನಿನಲ್ಲಿ ಒತ್ತಲು ಕಲಿತರು. ಕಡಿಮೆ ದರದ ಕಳಪೆ ಮಾಲು ಎಲ್ಲ ಕಡೆ ತುಂಬಿತು. ಆ ಶಬ್ದಕ್ಕೆ ಒಂದು ಬಾಲ ಹತ್ತಿತು, ಚಿಂಟ್ಜಿ. ಅಂದರೆ ಮೇಲೆ ಮಾತ್ರ ಚಂದ ಇರುವ ಅಗ್ಗದ್ದು; ಕೆಲವು ಕಡೆ ಜಿಪುಣ ಎಂದೂ ಅರ್ಥ.

"ಕಳಪಿ ಮಾಡಿದವರು ಬ್ಯಾರೆ. ಹೆಸರು ಹೋದದ್ದು ಛೀಟಿಂದು" ಎಂದರು.

ಅವರು ನನಗೆ ಚುಚ್ಚಲೆಂದು ಹೇಳಿದ್ದಲ್ಲ, ಶಬ್ದದ ಬಗ್ಗೆ ಹೇಳಿದ್ದು. ಆದರೂ ಚಹಾದ ಬಟ್ಟಲನ್ನು ಕುಡಿಯದೆ ಕೆಳಗಿಟ್ಟೆ. ಅವರ ಹೆಂಡತಿ ಅದನ್ನು ನೋಡಿದರು. ನಮಗೆ ಹೇಳಿದಿರಿ ಸರಿ, ಆ ಬಣ್ಣದಾಕೆಯ ಮನೆಗೆ ಹೋಗಿದ್ದಿರೇನು ಎಂದು ಕೇಳಿದರು. ಅವರು ಹೋಗಿಬಿಟ್ಟರಲ್ಲ ಅಂದೆ. ಮಗಳು ಇದ್ದಾಳಲ್ಲ ಎಂದರು.

ಅಲ್ಲಿಂದ ಅಂಗಡಿಗೆ ಹೋಗಿ ಮಾಲಕರಿಗೂ ಹೇಳಿದೆ. ಅವರು, ಈಗ ಹೇಳಿ ಏನ್ ಮಾಡ್ತಿ ಎಂದು, ಬಂದ ಗಿರಾಕಿಯ ಕಡೆ ತಿರುಗಿದರು.

ರೋಜಾಕ್ಕೆ ಹೋಗಲು ಮತ್ತೆ ಎರಡು ತಿಂಗಳು ಬೇಕಾಯಿತು. ನಮ್ಮ ಊರಿನ ಕೆಂಪು ಬಾಳೆಯ ಒಂದು ಚಿಪ್ಪು ತೆಗೆದುಕೊಂಡು ಬೆಳಗಿನ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲೇ ಜೋಡಿಸಿದೆ. ಬೇಟಿ, ಉಪ್ಪು ನಾನು ಕೊಟ್ಟಿರಲಿಲ್ಲ, ನಿಮ್ಮ ಬಣ್ಣ ಪಕ್ಕಾ ಇತ್ತು, ನನ್ನನ್ನು ಮಾಫ್ ಮಾಡು. ಇಷ್ಟೇ ಮಾತು. ಎಷ್ಟು ಸಲ ಅಂದುಕೊಂಡರೂ ಪಕ್ಕದಲ್ಲಿ ಕುಳಿತವನು ಕೇಳಿಸಿಕೊಂಡನೇನೋ ಎಂದು ಅನ್ನಿಸುತ್ತಿತ್ತು.

ಮಗಳು ಬಾಗಿಲಲ್ಲೇ ಗುರುತು ಹಿಡಿದಳು. ಬರ್ರಿ ಮಾಮು ಎಂದು ಒಳಗೆ ಕರೆದಳು. ತಾಯಿ ಭಾಯಿ ಅನ್ನುತ್ತಿದ್ದುದಕ್ಕೆ ನಾನು ಅವಳಿಗೆ ಮಾಮು. ತಲೆಯಲ್ಲಿ ನರೆ ಬಂದಿತ್ತು. ಬಣ್ಣದ ಹಂಡೆಗಳಿದ್ದ ಜಾಗದಲ್ಲಿ ಈಗ ಹೊಲಿಗೆ ಮೆಷಿನ್ನು. ಸೀರೆಗಳಿಗೆ ಫಾಲ್ ಹಚ್ಚಿ, ಪಿಕೋ ಮಾಡಿ ಕೊಡುತ್ತಾಳೆ. ಮೆಷಿನ್ನಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಒಂದು ಮರದ ಅಚ್ಚು ಕೊಟ್ಟಿದ್ದಳು. ಹೂವಿನ ಮುಖ ನೆಲಕ್ಕಿತ್ತು. ನಾನು ಅದನ್ನು ನೋಡುತ್ತಿರುವುದು ಕಂಡು, ಉಳಿದವು ಅಟ್ಟದ ಮೇಲೆ ಅದಾವ, ಇದೊಂದು ಕೆಲಸಕ್ಕ ಬಂತು ಎಂದು ನಕ್ಕಳು.

ಆಪಾ ಅವರ ಕೊನೆಯ ದಿನಗಳ ಬಗ್ಗೆ ಕೇಳಿದೆ. ಹೇಳಿದಳು. ಆಮೇಲೆ ನಾನು ಕೇಳದೆಯೇ ಅವತ್ತಿನ ಮಾತಿಗೆ ಬಂದಳು. ಆ ಹೊತ್ತಿಗೆ ಅಮ್ಮೀಗೆ ಕಣ್ಣು ಮಂಜಾಗಿ ಪಟಿಕ ತೂಗುವುದು, ಬಣ್ಣಕ್ಕೆ ಹಾಕುವುದು ಎಲ್ಲ ತನ್ನ ಕೈಯಲ್ಲೇ ಇತ್ತು ಎಂದಳು. ಅಂಗಡಿಯಿಂದ ಬಂದ ಅಮ್ಮೀ ಒಂದು ಮಾತೂ ಬೈಯಲಿಲ್ಲ. ಎಷ್ಟು ಹಾಕಿದ್ದಿ ಎಂದು ಕೇಳಿದರು. ಇವಳು ಹೇಳಿದಳು. ಇನ್ನೊಮ್ಮೆ ಕೇಳಿದರು. ಆಮೇಲೆ ತಕ್ಕಡಿಯನ್ನು ಮಗಳ ಕೈಯಿಂದ ತೆಗೆದುಕೊಂಡು ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು.

ನಮ್ಮ ಮನ್ಯಾಗನ ಆಗ್ಯಾದ ಎಂದು ಆಪಾ ಅಂದದ್ದರ ಅರ್ಥ ನನಗೆ ಅಲ್ಲಿ, ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಾಗ ತಿಳಿಯಿತು.

ಮುಂದೆ ಒಂದು ವರ್ಷ ಆಪಾ ತಾವೇ, ಕಾಣದ ಕಣ್ಣಿನಲ್ಲಿ, ಬೆರಳಿನಿಂದ ಅಳೆದು, ಗೇಣುದ್ದದ ಚೂರುಗಳಿಗೆ ಬಣ್ಣ ಹಾಕಿ ನೋಡುತ್ತಿದ್ದರಂತೆ. ನೀರು ಬದಲಿಸಿ ನೋಡಿದರು, ಬಣ್ಣ ತೆಗೆಯುವ ಬೇರು ಬದಲಿಸಿ ನೋಡಿದರು.

"ಒಂದೂ ಕಚ್ಚಾ ಆಗಲಿಲ್ಲ ಮಾಮು, ಎಲ್ಲಾ ಪಕ್ಕಾ. ಅಂದ್ರ ಅವತ್ತಿನ ತಪ್ಪು ನನ್ನ ಕೈಯಿಂದಾನ ಅಂತ ಆಯ್ತಲ್ಲ. ಮತ್ತ ನನಗ ಮುಟ್ಟಗೊಡಲಿಲ್ಲ. ಅವರೊಬ್ಬರ ಕೈಯಿಂದ ಕೆಲಸ ಆಗಲಿಲ್ಲ. ನಿಂತೇ ಹೋತು."

ನೀನು ಸರಿಯಾಗಿ ಹಾಕಿದ್ದಿಯಲ್ಲ ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು. ಹಾಕಿದ್ದೆ ಅಂತಲೇ ಬಹಳ ವರ್ಷ ವಾದ ಮಾಡಿದೆ ಎಂದಳು. ಆ ಬಣ್ಣ ಹಾಕಿದ ದಿನ, ತಾನು ಬಿಟ್ಟು ಬಂದ ಗಂಡನ ಮನೆಯ ಕಡೆಯಿಂದ ಒಂದು ಫೋನ್ ಬಂದಿತ್ತು, ಮನಸ್ಸು ಕೆಟ್ಟಿತ್ತು. ಬರಬರುತ್ತ ತನಗೂ ಅನುಮಾನ ಬಂತು, ಒಂದು ಮುಷ್ಟಿ ಕಡಿಮೆ ಬಿದ್ದಿರಬೇಕು ಎಂದಳು. ಇಷ್ಟು ಹೇಳಿ ಮೆಷಿನ್ನಿನ ಮೇಲಿದ್ದ ಸೀರೆಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

"ಹೋಗೂ ಮುಂಚೆ ಅಮ್ಮೀ ನನ್ನ ಕೈ ಹಿಡಕೊಂಡು, ಮಾಫ್ ಮಾಡೀನಿ ಬೇಟಿ ಅಂದ್ರು. ಅದೊಂದು ಸಾಕು ನನಗ."

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ನನ್ನ ಬಾಯಲ್ಲೇ ಇತ್ತು. ಅದನ್ನು ಹೇಳಿದರೆ, ತಾಯಿ ಸಾಯುವಾಗ ಕೊಟ್ಟು ಹೋದ ಆ ಕ್ಷಮೆಯನ್ನು ಅವಳ ಕೈಯಿಂದ ಕಿತ್ತುಕೊಂಡಂತೆ. ಮಾಡದ ತಪ್ಪಿಗೆ ತಾಯಿ ಹನ್ನೊಂದು ವರ್ಷ ತಕ್ಕಡಿ ಮುಚ್ಚಿಟ್ಟರು ಎಂದು ಅವಳಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಅವಳು ತನ್ನ ಕೈಯನ್ನೇ ತಾನು ನಂಬದೆ ಮುದುಕಿಯಾಗುತ್ತಾಳೆ. ನಾನು ಅವಳ ಒಳಿತಿಗೆಂದೇ ಸುಮ್ಮನಾದೆ ಎಂದು ಬರೆದರೆ ಅದೂ ಸುಳ್ಳು. ಹೆದರಿದೆ. ಎದುರಿಗಿನ ಮುಖ ಬದಲಾಗುವುದನ್ನು ನೋಡಲು ಹೆದರಿದೆ.

ಅವಳಿಗೆ ಏನೋ ಅನ್ನಿಸಿರಬೇಕು. ಏನಾರೆ ಹೇಳಬೇಕಂತ ಬಂದಿದ್ರೇನು ಮಾಮು ಎಂದು ಕೇಳಿದಳು. ಏನಿಲ್ಲ ಬೇಟಿ, ಆಪಾಗೆ ಒಂದು ಸಲ ಭೇಟಿಯಾಗಬೇಕಿತ್ತು, ಆಗಲಿಲ್ಲ ಎಂದೆ. ಬಾಳೆಹಣ್ಣನ್ನು ಎರಡು ಕೈಯಿಂದ ತೆಗೆದುಕೊಂಡಳು. ಓಣಿಯ ತಿರುವಿನ ತನಕ ಬಂದು ಕಳಿಸಿದಳು. ಗಾಡಿಗಳು ಬರ್ತಾವ, ದಂಡಿಗೆ ನಡೀರಿ ಎಂದಳು.

ಅಲ್ಲಿಂದ ಬಂದು ಮೂರು ತಿಂಗಳಾಯಿತು. ಆ ಮನೆಯಲ್ಲಿ ಗೇಣುದ್ದದ ಚೂರುಗಳು ಹಗ್ಗದ ಮೇಲೆ ಒಣಗುವುದನ್ನು ನಾನು ಕಣ್ಣಾರೆ ನೋಡಿದವನಲ್ಲ. ಆದರೂ ಈಗ ದಿನವೂ ಕಾಣುತ್ತವೆ. ಊಟಕ್ಕೆ ಕುಳಿತಾಗ, ಪೇಪರು ಓದುವಾಗ, ಸಾಲಾಗಿ, ಕೆಂಪಗೆ, ಒಂದೂ ಬಣ್ಣ ಬಿಡದೆ. ಮಾತಿನಲ್ಲಿ ಆಗದ್ದನ್ನು ಬರೆಯಲು ಕುಳಿತದ್ದು ಅದಕ್ಕೇ. ಅವಳು ಕನ್ನಡ ಶಾಲೆಯಲ್ಲಿ ಓದಿದವಳು. ಇದು ಎಲ್ಲಾದರೂ ಅಚ್ಚಾದರೆ ಯಾರಾದರೂ ಅವಳ ಕೈಗೆ ಕೊಟ್ಟಾರು. ತಾಯಿಯ ಕ್ಷಮೆ ಅವಳಿಂದ ಹೋಗುತ್ತದೆ. ಅದರ ಸಿಟ್ಟು ಅವಳು ನನ್ನ ಮೇಲೆ ಇಟ್ಟುಕೊಳ್ಳಲಿ. ತನ್ನ ಕೈ ತಪ್ಪಿರಲಿಲ್ಲ ಎಂಬ ಮಾತು ಅವಳಿಗೆ ಸೇರಬೇಕಾದದ್ದು, ಅದನ್ನು ನಾನು ಇಟ್ಟುಕೊಂಡು ಸಾಯಬಾರದು.

ನಾನು ಕ್ಷಮೆ ಕೇಳದೆ ಎದ್ದು ಬಂದದ್ದು ಇವಳ ಮುಂದಿನಿಂದ: ಆಪಾ ಅವರ ಮಗಳು, ರೋಜಾದ ಓಣಿಯಲ್ಲಿ ಸೀರೆಗೆ ಫಾಲ್ ಹಚ್ಚುವವಳು, ಅವತ್ತು ಪಟಿಕವನ್ನು ಸರಿಯಾಗಿ ತೂಗಿ ಹಾಕಿದವಳು.